ಅರ್ತಿಂಗ್ ಗುಂಡಿಗೆ ಒಂದು ಚೊಂಬು ನೀರು

ಆಕಾಶ ಕಪ್ಪಾಗುವುದನ್ನು ಕಂಡರೆ ನಾನು ಕೂತಲ್ಲಿ ಕೂರುವುದಿಲ್ಲ. ಏಳುತ್ತೇನೆ, ಕಿಟಕಿಗೆ ಹೋಗುತ್ತೇನೆ, ಅಲ್ಲಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಮತ್ತೆ ಕಿಟಕಿಗೆ. ಯಾಕೆ ಹೋದೆ ಎಂದು ಕೇಳಿದರೆ ಉತ್ತರವಿಲ್ಲ. ನನ್ನ ಗಂಡ ಶ್ರೀಧರ ಬದುಕಿದ್ದಾಗ, "ವಿಮಲ ಎದ್ದಳು, ಬಟ್ಟೆ ಒಳಗೆ ತನ್ನಿ" ಎಂದು ಮನೆಗೆಲ್ಲ ಕೇಳುವಂತೆ ಹೇಳುತ್ತಿದ್ದರು. ರೇಡಿಯೋದ ಹವಾಮಾನ ವರದಿಗಿಂತ ನನ್ನ ಚಪ್ಪಲಿಯ ಸದ್ದಿನ ಮೇಲೆ ಅವರಿಗೆ ಹೆಚ್ಚು ನಂಬಿಕೆ.

ಇದಕ್ಕೆ ನನ್ನ ಅಪ್‌ಬ್ರಿಂಗಿಂಗೇ ಕಾರಣ ಎಂದು ನನ್ನ ಊಹೆ. ಗುಡುಗಿದರೆ ಸಾಕು, ನಮ್ಮಮ್ಮ ಮನೆಯ ಕನ್ನಡಿಗಳಿಗೆಲ್ಲ ಬೆಡ್‌ಶೀಟು ಹೊದಿಸಿ, ಈಳಿಗೆಮಣೆಯನ್ನು ಮಂಚದ ಕೆಳಗೆ ತಳ್ಳಿ, ನಮ್ಮನ್ನು ಗೋಣಿಚೀಲದ ಮೇಲೆ ಕೂರಿಸುತ್ತಿದ್ದಳು. ಮರುದಿನ ಕಂಟೋನ್ಮೆಂಟಿನ ಕಾನ್ವೆಂಟಿನಲ್ಲಿ ಇದನ್ನು ಹೇಳಿದರೆ ಫಿಸಿಕ್ಸ್ ಕಲಿಸುತ್ತಿದ್ದ ಸಿಸ್ಟರ್ ಆಗ್ನೆಸ್ ತುಟಿ ಬಿಗಿದು, "ಶುದ್ಧ ಸೂಪರ್‌ಸ್ಟಿಷನ್" ಅನ್ನುತ್ತಿದ್ದರು. ಆಮೇಲೆ ಬೋರ್ಡಿನ ಮೇಲೆ ಮೋಡ, ಕಂಬ, ತಂತಿ, ನೆಲ ಎಲ್ಲವನ್ನೂ ಬರೆದು, ಮಿಂಚು ದಾರಿ ಹುಡುಕುತ್ತದೆ ಮಕ್ಕಳೇ, ನೀವು ಅದಕ್ಕೊಂದು ಒಳ್ಳೆಯ ದಾರಿ ಕೊಡದಿದ್ದರೆ ಅದು ತನಗೆ ತೋಚಿದ ದಾರಿ ಹಿಡಿಯುತ್ತದೆ ಎಂದು ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದರು. ಅಷ್ಟರಲ್ಲಿ ನಿಜವಾಗಿಯೇ ಗುಡುಗಿದರೆ ಮೊದಲು ಜಪಮಾಲೆಗೆ ಕೈಹಾಕುತ್ತಿದ್ದವರೂ ಅವರೇ. ಹೀಗೆ ಹೆದರುವುದರಲ್ಲಿ ನನಗೆ ಎರಡೂ ಮೀಡಿಯಮ್‌ಗಳಲ್ಲಿ ಟ್ರೈನಿಂಗ್ ಆಗಿದೆ.

ಆದರೆ ಈ ಬೇಸಿಗೆಯ ನನ್ನ ಓಡಾಟಕ್ಕೆ ಸರಿಯಾದ ಕಾರಣವೇ ಇತ್ತು. ಕಾರಣ ತಲೆಯ ಮೇಲೆ, ತಾರಸಿಯಲ್ಲಿ ನಿಂತಿತ್ತು. ಅದು ನಮ್ಮ ಮನೆಯ ಆಂಟೆನಾ ಕಂಬ.

ಬನಶಂಕರಿಯ ಈ ಮನೆ ನಮ್ಮ ಮಾವ ಕಟ್ಟಿಸಿದ್ದು. ಅವರು ಸೈನ್ಸ್ ಮೇಷ್ಟರು. ಮನೆಗೆ ಬರುವ ಯಂತ್ರಗಳೆಲ್ಲ ನಮ್ಮನ್ನು ಕೊಲ್ಲಲೆಂದೇ ಬರುತ್ತವೆ ಎಂಬುದು ಅವರ ದೃಢ ನಂಬಿಕೆ. ಇಸ್ತ್ರಿಪೆಟ್ಟಿಗೆ ತಂದ ದಿನ ಅದನ್ನು ಒಂದು ಮೂಲೆಯಲ್ಲಿಟ್ಟು, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಲೆಕ್ಚರ್ ಕೊಟ್ಟಿದ್ದರು. ಇನ್ನು ಟೀವಿಯನ್ನು ಸುಮ್ಮನೆ ಬಿಡುತ್ತಾರೆಯೇ? ಟೀವಿ ಇನ್ನೂ ಅಂಗಡಿಯಲ್ಲಿರುವಾಗಲೇ ಕಾಂಪೌಂಡಿನೊಳಗೆ ಆಳುದ್ದದ ಗುಂಡಿ ತೋಡಿಸಿದರು. ಅದರೊಳಗೆ ಒಂದು ಕಬ್ಬಿಣದ ಕೊಳವೆ ನಿಲ್ಲಿಸಿ, ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಕಲ್ಲುಪ್ಪು, ಮತ್ತೆ ಇದ್ದಿಲು, ಮತ್ತೆ ಉಪ್ಪು, ಥೇಟ್ ನಮ್ಮತ್ತೆ ಮಾವಿನಕಾಯಿ ಜಾಡಿ ತುಂಬುವ ಹಾಗೆ. ಮನೆಯ ಉಪ್ಪನ್ನು ಮೂಟೆಗಟ್ಟಲೆ ಮಣ್ಣಿಗೆ ಸುರಿಯುವುದನ್ನು ನೋಡಲಾರದೆ ಅತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆ ಕೊಳವೆಗೆ ಬೆರಳು ಗಾತ್ರದ ತಾಮ್ರದ ತಂತಿ ಕಟ್ಟಿ, ಗೋಡೆಯುದ್ದಕ್ಕೂ ನೇರ ಮೇಲೆ ಹತ್ತಿಸಿ, ತಾರಸಿಯ ಕಂಬದ ಬುಡಕ್ಕೆ ಬೋಲ್ಟು ಹಾಕಿಸಿದರು. ಇದಕ್ಕೆ ಅರ್ತಿಂಗ್ ಅನ್ನುತ್ತಾರೆ, ಸಿಡಿಲು ಕಂಬಕ್ಕೆ ಬಂದರೆ ಈ ತಂತಿ ಹಿಡಿದು ಇಳಿದು ಮಣ್ಣು ಸೇರುತ್ತದೆ, ಟೀವಿಯ ಕಡೆ ತಿರುಗುವುದಿಲ್ಲ ಎಂದು ಎಲ್ಲರಿಗೂ ಬಾಯಿಪಾಠ ಮಾಡಿಸಿದರು. ಇಷ್ಟಾದರೂ ಅವರಿಗೆ ಸಮಾಧಾನವಿಲ್ಲ. ಮೋಡ ಕಟ್ಟಿದರೆ ಟೀವಿಯ ಹಿಂದಿನಿಂದ ಆಂಟೆನಾ ವೈರನ್ನು ಕಿತ್ತು, ಅದರ ತುದಿಯನ್ನು ಖಾಲಿ ಉಪ್ಪಿನಕಾಯಿ ಬಾಟಲಿನೊಳಗೆ ಇಳಿಸಿ, ಬಾಟಲನ್ನು ಕಿಟಕಿಯಲ್ಲಿ ಇಡುತ್ತಿದ್ದರು. ನೆಂಟರು ಬಂದಾಗ ಆ ಬಾಟಲನ್ನು ನೋಡಿ ಏನೆಂದು ಕೇಳಿದರೆ ನಾವು ಸೊಸೆಯರು ನಗು ತಡೆಯಲು ಅಡುಗೆಮನೆಗೆ ಓಡುತ್ತಿದ್ದೆವು.

ನಾವು ಸೊಸೆಯರು ಎಂದೆನಲ್ಲ, ಅದರಲ್ಲಿ ದೊಡ್ಡವರು ಸಾವಿತ್ರಕ್ಕ, ನನ್ನ ಓರಗಿತ್ತಿ. ಭಾವನವರೂ ಶ್ರೀಧರನೂ ಹೋದ ಮೇಲೆ ಈಗ ಕೆಳಗಿನ ಮನೆಯಲ್ಲಿ ನಾವಿಬ್ಬರೇ. ಸಾವಿತ್ರಕ್ಕನ ಗಂಟಲೆಂದರೆ ಆ ಕಾಲದಲ್ಲಿ ಬೀದಿಗೇ ಗೊತ್ತು. ಶ್ರೀಧರ ತಾರಸಿಯ ಮೇಲೆ ಆಂಟೆನಾ ತಿರುಗಿಸುವಾಗ ಕೆಳಗೆ ಟೀವಿ ನೋಡಿ ಕೂಗಿ ಹೇಳುವ ಕೆಲಸ ಮೊದಲು ನನಗೆ ಕೊಟ್ಟಿದ್ದರು. ಲೇಡೀಸ್ ಡೋಂಟ್ ಶೌಟ್ ಎಂದು ಕಲಿತು ಬಂದವಳು ನಾನು. ನನ್ನ ಮಾತು ಮಹಡಿ ಮೆಟ್ಟಿಲನ್ನೂ ದಾಟಲಿಲ್ಲ. ಎರಡನೆಯ ದಿನವೇ ಕೆಲಸ ಅಕ್ಕನ ಪಾಲಾಯಿತು. ಅವರು ಕಿಟಕಿಯಲ್ಲಿ ನಿಂತು "ಬಂತೂ" ಎಂದರೆ ಶ್ರೀಧರನ ಜೊತೆಗೆ ಪಕ್ಕದ ತಾರಸಿಯವರೂ ಆಂಟೆನಾ ತಿರುಗಿಸುವುದನ್ನು ನಿಲ್ಲಿಸುತ್ತಿದ್ದರು.

ಈಗ ಅಕ್ಕನಿಗೆ ಕಿವಿ ಕೇಳಿಸುವುದಿಲ್ಲ. ಪೂರ್ತಿ ಇಲ್ಲವೆಂದಲ್ಲ, ಹತ್ತಿರ ಹೋಗಿ ಕೂಗಬೇಕು. ಹಿಯರಿಂಗ್ ಏಡ್ ಮಾಡಿಸಿದ್ದೇವೆ. ಅದರಲ್ಲಿ ಮಾತಿಗಿಂತ ಮಿಕ್ಸಿ ಜಾಸ್ತಿ ಕೇಳಿಸುತ್ತದೆ ಎಂದು ಬೀರುವಿನಲ್ಲಿ ಇಟ್ಟಿದ್ದಾರೆ. ಭಜನೆಯ ಗುಂಪು ಬಿಟ್ಟರು, ಫೋನು ಬಿಟ್ಟರು. ಉಳಿದದ್ದು ಸಂಜೆಯ ಸೀರಿಯಲ್ಲುಗಳು. ಅದಕ್ಕೆ ಅವರದೇ ಒಂದು ಅರೇಂಜ್‌ಮೆಂಟ್ ಇದೆ. ಉದ್ದ ವೈರಿನ ದೊಡ್ಡ ಹೆಡ್‌ಫೋನು, ಅದರ ಒಂದು ತುದಿ ಟೀವಿಯಲ್ಲಿ, ಇನ್ನೊಂದು ತುದಿ ತಲೆಯ ಮೇಲೆ. ಹೆಡ್‌ಫೋನು ಹಾಕಿಕೊಂಡು ಕುಳಿತರೆ ವಿಮಾನ ಓಡಿಸುವ ಗತ್ತು. ಹಳೆಯ ಆಂಟೆನಾ ಎಂದೋ ನಿರುಪಯೋಗಿಯಾಗಿದೆ. ಆದರೆ ಡಿಶ್ ಹಾಕಲು ಬಂದವರು ಸುಲಭಕ್ಕೆ ಅದೇ ಕಂಬಕ್ಕೆ ಡಿಶ್ ಬಿಗಿದು ಹೋದರು. ಕಂಬದಿಂದ ಕೇಬಲ್ಲು, ಕೇಬಲ್ಲಿನಿಂದ ಡಬ್ಬಿ, ಡಬ್ಬಿಯಿಂದ ಟೀವಿ, ಟೀವಿಯಿಂದ ಅಕ್ಕನ ಎರಡು ಕಿವಿ. ಸಿಸ್ಟರ್ ಆಗ್ನೆಸ್ ಇದನ್ನು ನೋಡಿದ್ದರೆ ಬೋರ್ಡಿನ ಮೇಲೆ ಚಿತ್ರ ಬರೆಯುವ ಶ್ರಮವನ್ನೇ ತೆಗೆದುಕೊಳ್ಳುತ್ತಿರಲಿಲ್ಲ.

ನನಗೆ ಇದರ ಬಗ್ಗೆ ಭಯವಿರಲಿಲ್ಲ, ಯಾಕೆಂದರೆ ಗುಂಡಿ ಇತ್ತು. ಇದ್ದಿಲು ಉಪ್ಪಿನ ಗುಂಡಿ ಒಣಗಬಾರದು, ಬೇಸಿಗೆಯಲ್ಲಿ ದಿನಾ ಒಂದು ಚೊಂಬು ನೀರು ಹಾಕಬೇಕು ಎಂದು ಮಾವ ಅಪ್ಪಣೆ ಮಾಡಿದ್ದರು. ಆ ಕೆಲಸ ಅತ್ತೆಯದಾಯಿತು. ತುಳಸಿಗೆ ಹಾಕಿ ಮಿಕ್ಕ ನೀರನ್ನು ಗುಂಡಿಗೆ ಹಾಕುತ್ತಿದ್ದರು. ತುಳಸಿಗೆ ಇಟ್ಟ ಅರಿಸಿನ ಕುಂಕುಮ ಕೈಯಲ್ಲಿ ಉಳಿದರೆ ಅದೂ ಗುಂಡಿಯ ಮುಚ್ಚಳಕ್ಕೆ. ಆಮೇಲೆ ಒಂದೆಳೆ ರಂಗೋಲಿ. ಅತ್ತೆಯ ನಂತರ ಸಾವಿತ್ರಕ್ಕ ಒಂದು ದಿನವೂ ತಪ್ಪಿಸಿಲ್ಲ, ಬೇಸಿಗೆಯೆಂದಿಲ್ಲ, ಮಳೆಗಾಲವೆಂದಿಲ್ಲ. ಮಹಡಿಗೆ ಹೊಸದಾಗಿ ಬಾಡಿಗೆಗೆ ಬಂದ ಗದಗ ಕಡೆಯ ಹುಡುಗಿ ರೇಣುಕಾ ಮೊದಲನೆಯ ವಾರ ನನ್ನನ್ನು ಮೆಲ್ಲಗೆ ಕೇಳಿದ್ದಳು, "ಇದು ಯಾವ ದೇವ್ರು ರೀ ಆಂಟಿ?"

ಅರ್ತಿಂಗ್ ಎಂದೆ. ಅವಳು ಒಂದು ಕ್ಷಣ ಯೋಚಿಸಿ, ಇರಲಿ ಎಂದು ಮುಚ್ಚಳ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಆಫೀಸಿಗೆ ಹೋದಳು.

ಈ ಬೇಸಿಗೆ ಅರಳು ಸಂಡಿಗೆ ಇಡಲು ನಾನು ತಾರಸಿಗೆ ಹೋದೆ. ಅಕ್ಕನಿಗೆ ಮಂಡಿ ನೋವು, ಅವರು ಮೆಟ್ಟಿಲು ಹತ್ತಿ ವರ್ಷಗಳಾದವು. ಸಂಡಿಗೆಯ ಪಂಚೆ ಹಾರದಿರಲೆಂದು ಅದರ ಮೂಲೆಯನ್ನು ಕಂಬದ ಬುಡಕ್ಕೆ ಕಟ್ಟಲು ಬಗ್ಗಿದಾಗ ನೋಡಿದೆ. ಬೋಲ್ಟು ಇದೆ. ಬೋಲ್ಟಿನಿಂದ ಕಿರುಬೆರಳಿನಷ್ಟು ತಾಮ್ರ, ಹಸಿರು ಕಿಲುಬು ಹಿಡಿದು, ಹೊರಗೆ ಚಾಚಿಕೊಂಡಿದೆ. ಅದರ ಮುಂದೆ ಏನೂ ಇಲ್ಲ. ಕಟ್ಟೆಯ ಮೇಲಿಂದ ಬಗ್ಗಿ ನೋಡಿದೆ. ತಂತಿ ಇಳಿಯಬೇಕಾದ ಗೋಡೆಯ ಮೇಲೆ ಸುಣ್ಣಬಣ್ಣದಲ್ಲಿ ಮುಚ್ಚಿಹೋದ ಮೊಳೆಯ ತೂತುಗಳು, ಅಷ್ಟೇ.

ಆ ಗೋಡೆ ಯಾವುದು ಗೊತ್ತೇ? ನನ್ನ ರೂಮಿನ ಗೋಡೆ. ತಂತಿ ನನ್ನ ಕಿಟಕಿಯ ಪಕ್ಕದಲ್ಲೇ ಇಳಿಯುತ್ತಿತ್ತು. ವಸಂತಪುರದ ಮೇಲೆ ಒಂದು ತುಂಡು ಮೋಡ ಕಂಡರೂ ಮನೆಯೆಲ್ಲ ಸುತ್ತುವ ನನಗೆ, ಕಿಟಕಿಯಿಂದ ಕೈಚಾಚಿದರೆ ಸಿಗುವ ತಂತಿ ಇಲ್ಲವಾದದ್ದು ಕಂಡಿರಲಿಲ್ಲ. ಮನೆಗೆ ಬಣ್ಣ ಹೊಡೆಸಿದ ಮೇಲೆ ಬಣ್ಣದ ಕೆಳಗೆ ಎಲ್ಲೋ ಇರುತ್ತದೆ ಎಂದುಕೊಂಡಿದ್ದೆ. ಬಣ್ಣದ ಕೆಲಸದವರು ತಾಮ್ರಕ್ಕೆ ಆಸೆಪಟ್ಟು ಕತ್ತರಿಸಿರಬೇಕು ಎಂದು ಅಲ್ಲೇ ತೀರ್ಮಾನಿಸಿ, ಸಂಡಿಗೆಯನ್ನು ಅರ್ಧಕ್ಕೆ ಬಿಟ್ಟು ಇಳಿದೆ.

ಕೆಳಗೆ ಅಕ್ಕ ಗುಂಡಿಗೆ ನೀರು ಹಾಕುತ್ತಿದ್ದರು. ಕುಂಕುಮದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ನನ್ನನ್ನು ನೋಡಿ ನಕ್ಕರು. ನಾನು ಏನೂ ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಎಂದು ನೀವು ಕೇಳುತ್ತೀರಿ. ಆ ನೀರು ಹಾಕುವುದಕ್ಕಾಗಿ ಅವರು ಬೆಳಗ್ಗೆ ಎದ್ದು, ಮಂಡಿಗೆ ಎಣ್ಣೆ ಹಚ್ಚಿಕೊಂಡು, ಗೋಡೆ ಹಿಡಿದು ಅಂಗಳಕ್ಕೆ ಬರುತ್ತಾರೆ. ಬೀದಿಯಲ್ಲಿ ಹೋಗುವವರು ನಿಂತು ಕೈಯಾಡಿಸುತ್ತಾರೆ. ಮಾತು ಕೇಳಿಸದಿದ್ದರೂ ಅಕ್ಕ ಎಲ್ಲರಿಗೂ ಹೂಂ ಹೂಂ ಅನ್ನುತ್ತಾರೆ. ಅವರ ದಿನಕ್ಕೆ ಉಳಿದಿರುವ ಹೊರಪ್ರಪಂಚ ಅಷ್ಟೇ. ನಿಮ್ಮ ನೀರು ಇಷ್ಟು ವರ್ಷ ಯಾವುದಕ್ಕೂ ಸೇರದ ಕೊಳವೆಗೆ ಹೋಗುತ್ತಿತ್ತು ಎಂದು ಯಾವ ಬಾಯಲ್ಲಿ ಹೇಳಲಿ? ಅವರಿಗೆ ಗೊತ್ತಾಗದ ಹಾಗೆ ರಿಪೇರಿ ಮಾಡಿಸಿಬಿಡೋಣ ಎಂದುಕೊಂಡೆ. ಎಲೆಕ್ಟ್ರಿಷಿಯನ್ ಮಂಜು ಎನ್ನುವವನಿಗೆ ಫೋನು ಮಾಡಿದೆ. ತಲಘಟ್ಟಪುರದ ಹತ್ತಿರ ಹೊಸ ಅಪಾರ್ಟ್‌ಮೆಂಟಿನ ಕೆಲಸದಲ್ಲಿದ್ದೇನೆ, ಮುಂದಿನ ವಾರ ಬರ್ತೀನಿ ಮೇಡಂ ಎಂದ. ಆಂಟೆನಾ ಎಂದಾಗ ಅವನ ದನಿಯಲ್ಲಿ ನಗು ಇತ್ತು.

ಮುಂದಿನ ವಾರ ಬರುವವರೆಗೆ ಮೋಡ ಕಾಯಬೇಕಲ್ಲ. ಅದು ಮರುದಿನವೇ ಬಂತು. ಕನಕಪುರ ರಸ್ತೆಯ ಕಡೆ ಆಕಾಶ ಇದ್ದಿಲಿನ ಬಣ್ಣಕ್ಕೆ ತಿರುಗಿತು. ಅಕ್ಕ ಹೆಡ್‌ಫೋನು ಹಾಕಿಕೊಂಡು ಕೂತಿದ್ದಾರೆ. ನಾನು ಕಿಟಕಿ, ಅಡುಗೆಮನೆ, ಕಿಟಕಿ. ಹತ್ತಿರ ಹೋಗಿ ಇವತ್ತು ಟೀವಿ ಬೇಡ ಅಕ್ಕ ಎಂದು ಸನ್ನೆ ಮಾಡಿದೆ. ಅವರು ಒಂದು ಕಿವಿಯ ಬಟ್ಟಲನ್ನು ಸರಿಸಿ, "ಯಾಕೆ, ಗುಂಡಿ ಇದೆಯಲ್ಲ" ಎಂದು ಮತ್ತೆ ಮುಚ್ಚಿಕೊಂಡರು. ಪ್ಲಗ್ಗು ಕಿತ್ತು, ಕರೆಂಟ್ ಹೋಯಿತು ಎಂದು ಕೈತಿರುಗಿಸಿದೆ. ಅವರು ತಲೆಯೆತ್ತಿ ತಿರುಗುತ್ತಿದ್ದ ಫ್ಯಾನನ್ನು ನೋಡಿದರು, ನನ್ನನ್ನು ನೋಡಿದರು, ಎದ್ದು ಬಂದು ಪ್ಲಗ್ಗು ಚುಚ್ಚಿದರು. ದೂರದಲ್ಲಿ ಗುಡುಗಿತು. ನಾನು ಹೊರಗೆ ಹೋಗಿ ಮನೆಯ ಮೇನ್ ಸ್ವಿಚ್ಚನ್ನೇ ಕೆಳಗೆಳೆದೆ.

ಮೇನ್ ಆಫ್ ಮಾಡಿದರೂ ಕೇಬಲ್ಲು ಕಂಬಕ್ಕೆ ಅಂಟಿಕೊಂಡೇ ಇರುತ್ತದೆ, ಅಪಾಯ ಅಲ್ಲೇ ಇರುತ್ತದೆ ಎಂದು ನನಗೆ ಹೊಳೆಯುವಷ್ಟರಲ್ಲಿ ಮೆಟ್ಟಿಲಿನಿಂದ ರೇಣುಕಾ ಇಳಿದು ಬಂದಳು. ಇಡೀ ಮನೆಗೆ ಒಂದೇ ಮೇನ್ ಎಂಬುದನ್ನು ನಾನು ಮರೆತಿದ್ದೆ.

"ಕರೆಂಟ್ ಹೋತೇನ್ರೀ ಆಂಟಿ? ಬಾಜೂ ಮನ್ಯಾಗ ಐತಿ, ನಮ್ಮನ್ಯಾಗಷ್ಟ ಇಲ್ಲ. ನಾ ಮೀಟಿಂಗಿನ್ಯಾಗ ಮಾತಾಡಾಕತ್ತಿದ್ದೆ, ಬಾಸ್ ಮುಂದ ಬಾಯಿ ತಗದಾಕಿ ಹಂಗಽ ನಿಂತುಬಿಟ್ಟೆ."

ಸ್ವಿಚ್ಚಿನ ಮೇಲೆ ಇನ್ನೂ ನನ್ನ ಕೈ ಇತ್ತು. ಅದನ್ನು ಮೇಲಕ್ಕೆ ತಳ್ಳಿ, ಎಲ್ಲವನ್ನೂ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಅಳು ಬರುವ ಹಾಗಾಯಿತು. ರೇಣುಕಾ ಗುಂಡಿಯ ಮುಚ್ಚಳದ ಕುಂಕುಮವನ್ನು ನೋಡಿದಳು.

"ಹೇಳಿಬಿಡ್ರೀ ಆಂಟಿ. ಬೇಜಾರಾದ್ರ ಒಂದಿನ ಆಗತೈತಿ. ಆ ಮಷೀನು ತಲಿಮ್ಯಾಲ ಇಟ್ಕೊಂಡು ಸಿಡ್ಲಿನ್ಯಾಗ ಕುಂದ್ರೂದು ಚಲೋ ಅಲ್ರೀ."

ಒಳಗೆ ಹೋಗಿ ಅಕ್ಕನ ಮುಂದೆ ನಿಂತೆ. ಹೆಡ್‌ಫೋನನ್ನು ನಾನೇ ಅವರ ತಲೆಯಿಂದ ತೆಗೆದೆ, ಹಾಗೆ ಎಂದೂ ಮಾಡಿದವಳಲ್ಲ. ಮೆಲ್ಲಗೆ ಹೇಳಬೇಕಾದ ಮಾತನ್ನು ಬದುಕಿನಲ್ಲಿ ಯಾವತ್ತಾದರೂ ಕೂಗಿ ಹೇಳಿದ್ದೀರಾ? ಬಹಳ ಕಷ್ಟ. ಮೃದುವಾದ ಪದಗಳೆಲ್ಲ ಕೂಗಿಗೆ ಸಿಕ್ಕಿ ಗದರಿಕೆಯಾಗಿಬಿಡುತ್ತವೆ. ಮೊದಲ ಸಲ ಅವರಿಗೆ ಕೇಳಿಸಲಿಲ್ಲ. ಎರಡನೆಯ ಸಲ "ಏನು ಸಂಡಿಗೆಯಾ?" ಎಂದರು. ಮೂರನೆಯ ಸಲ ನಾನು ಕಾನ್ವೆಂಟನ್ನು ಕಿಟಕಿಯಿಂದಾಚೆ ಬಿಸಾಕಿ, ಎದುರುಮನೆಯ ನಾಯಿ ಬೊಗಳುವ ಹಾಗೆ ಅರಚಿದೆ. "ಅಕ್ಕಾ, ಆಂಟೆನಾ ತಂತಿ ಇಲ್ಲ. ಯಾರೋ ಕತ್ತರಿಸಿಬಿಟ್ಟಿದ್ದಾರೆ."

ಅಕ್ಕ ಶಾಂತವಾಗಿ, "ಗೊತ್ತು. ತೆಗೆಸಿದ್ದು ನಾನೇ" ಅಂದರು.

ನಾನು ಕುರ್ಚಿಯ ತೋಳಿನ ಮೇಲೆ ಕುಳಿತೆ. ರೇಣುಕಾ ಬಾಗಿಲಲ್ಲೇ ನಿಂತಳು.

"ಮಾವ ಹೇಳ್ತಿರ್ಲಿಲ್ವಾ, ಸಿಡಿಲು ಆ ತಂತಿ ಹಿಡ್ಕೊಂಡು ಇಳಿಯುತ್ತೆ ಅಂತ. ಇಳಿಯೋದು ಎಲ್ಲಿ? ನಿನ್ನ ಕಿಟಕಿ ಪಕ್ಕ. ಶ್ರೀಧರ ಹೋದ್ಮೇಲೆ ನೀನು ಆ ರೂಮಿಗೆ ಬಂದೆ. ಬಂದವಳು ಮಂಚಾನ ಆ ಗೋಡೆಗೇ ಒತ್ತಿ ಹಾಕ್ಕೊಂಡೆ. ಹೇಳಿದ್ರೆ ನೀನು ಫಿಸಿಕ್ಸ್ ಹೇಳ್ತೀಯ. ಬಣ್ಣದವರು ಬಂದಾಗ ತೆಗೆಸಿಬಿಟ್ಟೆ."

ಹಾಗಾದರೆ ಗುಂಡಿಗೆ ನೀರು ಯಾಕೆ ಹಾಕುತ್ತೀರಿ ಎಂದು ಕೂಗಿದೆ.

"ಗುಂಡಿ ಏನು ಪಾಪ ಮಾಡಿದೆ? ಅತ್ತೆ ಹಾಕ್ತಿದ್ರು. ಮನೆ ಕಾಯೋದು ಗುಂಡಿ. ತಂತಿ ಬರೀ ದಾರಿ ತೋರ್ಸುತ್ತೆ."

ಅವರ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು. ದೇವರಿಗೆ ನೀರು ಹಾಕಿದ್ದಾರೆ, ಸಿಡಿಲಿಗೆ ನನ್ನ ಕಿಟಕಿಯ ದಾರಿ ಮುಚ್ಚಿದ್ದಾರೆ. ಆ ದಾರಿ ಮುಚ್ಚಿದರೆ ಸಿಡಿಲು ಕೇಬಲ್ಲು ಹಿಡಿದು ನಿಮ್ಮ ಕಿವಿಗೇ ಬರುತ್ತಲ್ಲ ಅಕ್ಕ, ಎಂದು ನಾನು ಕೈಯಲ್ಲಿ ಕಂಬ, ಡಿಶ್, ಟೀವಿ, ಹೆಡ್‌ಫೋನು ಎಲ್ಲವನ್ನೂ ಗಾಳಿಯಲ್ಲಿ ಬರೆದು ತೋರಿಸಿದೆ. ಅವರು ಹೆಡ್‌ಫೋನನ್ನು ತೊಡೆಯ ಮೇಲಿಟ್ಟುಕೊಂಡು, ಅದನ್ನು ಆಗತಾನೇ ನೋಡುತ್ತಿರುವವರಂತೆ ನೋಡಿದರು.

"ನಂಗೇನು ಬಿಡು. ಕಿವಿ ಆಗ್ಲೇ ಹೋಗಿದೆ."

"ನಂಗೇನು ಬಿಡು ಅಂದ್ರೆ ಹೇಗೆ ಅಕ್ಕ?" ಈ ಮಾತನ್ನು ನಾನು ಕೂಗಲಿಲ್ಲ. ಆದರೂ ಅವರಿಗೆ ಅರ್ಥವಾಯಿತು. ಟೀವಿಯ ಹಿಂದೆ ಕೈಹಾಕಿ ಅವರೇ ಹೆಡ್‌ಫೋನಿನ ಪಿನ್ನನ್ನು ಎಳೆದರು. ಆ ದಿನದ ಮೋಡ ಜೆ.ಪಿ. ನಗರದ ಕಡೆ ಸರಿದುಹೋಯಿತು. ನಮ್ಮಲ್ಲಿ ನಾಲ್ಕು ಹನಿಯೂ ಬೀಳಲಿಲ್ಲ. ಬಿದ್ದು ಮುಗಿದಿದ್ದರೆ ಚೆನ್ನಾಗಿತ್ತು, ರಾತ್ರಿಯೆಲ್ಲ ನಾನು ಕಿಟಕಿಗೆ ಓಡಾಡುವುದು ತಪ್ಪುತ್ತಿತ್ತು.

ಮಂಜು ಬಂದ. ಕಂಬ ನೋಡಿ, ಈ ಕಾಲದಲ್ಲಿ ಇದ್ಯಾಕೆ ಮೇಡಂ, ಗುಜರಿಗೆ ಹಾಕಿ, ಡಿಶ್ಶನ್ನು ಗೋಡೆಗೆ ಬಿಗೀತೀನಿ ಎಂದ. ಅದೂ ಆಗಬಹುದಿತ್ತು. ಆದರೆ ಆ ಕಂಬ ಇಳಿದರೆ ತಾರಸಿಯ ಮೇಲೆ ಶ್ರೀಧರ ಎಲ್ಲಿ ನಿಂತಿರುತ್ತಿದ್ದರು ಎಂಬುದು ನನಗೆ ತಿಳಿಯುವುದಿಲ್ಲ. ಇದನ್ನೆಲ್ಲ ಎಲೆಕ್ಟ್ರಿಷಿಯನ್‌ಗೆ ಹೇಳಲಾಗುತ್ತದೆಯೇ? ಇರಲಿ ಮಂಜು, ಹೊಸ ತಂತಿ ಹಾಕು ಎಂದೆ. ಅವನು ಗುಂಡಿಯ ಮುಚ್ಚಳ ತೆಗೆದು, ಕುಂಕುಮವನ್ನು ಹುಷಾರಾಗಿ ಪಕ್ಕಕ್ಕೆ ಸರಿಸಿ, ಮೀಟರು ಹಿಡಿದು ನೋಡಿದ. ಗುಂಡಿ ಸಖತ್ ತೇವ ಇದೆ, ಮನೆಯ ಮೀಟರ್ ಬೋರ್ಡಿನ ಅರ್ತಿಂಗೂ ಇದಕ್ಕೇ ಬಂದಿದೆ, ಅದಕ್ಕೇ ನಿಮ್ಮನೇಲಿ ಫ್ರಿಜ್ಜು ಗೀಸರ್ ಯಾವುದೂ ಷಾಕ್ ಹೊಡೆಯಲ್ಲ ಎಂದ. ಇದನ್ನು ಅಕ್ಕನಿಗೆ ಕೂಗಿ ಹೇಳುವಾಗ ನನ್ನ ಗಂಟಲಿಗೆ ಸ್ವಲ್ಪವೂ ಕಷ್ಟವಾಗಲಿಲ್ಲ. ಅವರು, ಅದರಲ್ಲೇನು ಆಶ್ಚರ್ಯ ಎಂಬಂತೆ ಸೆರಗು ಸರಿಮಾಡಿಕೊಂಡರು.

ಜಗಳ ಬಂದದ್ದು ದಾರಿಯ ವಿಷಯಕ್ಕೆ. ತಂತಿ ಆದಷ್ಟು ನೇರವಾಗಿ ಇಳಿಯಬೇಕು, ಮೂಲೆ ಮೂಲೆ ತಿರುಗಿಸಿದರೆ ಸಿಡಿಲು ತಿರುವಿನಲ್ಲಿ ಹಾರಿಬಿಡುತ್ತದೆ ಎಂದು ಮಂಜು. ನೇರ ಎಂದರೆ ಮತ್ತೆ ನನ್ನ ಕಿಟಕಿ. ಅಕ್ಕ ಮೆಟ್ಟಿಲ ಬುಡದಲ್ಲಿ ನಿಂತು, ತನ್ನ ರೂಮಿನ ಗೋಡೆಯ ಮೇಲೆ ಇಳಿಸು, ವಿಮಲಳ ಕಿಟಕಿ ಬೇಡ ಎಂದರು. ಅಲ್ಲಿಂದ ಗುಂಡಿಗೆ ಮನೆಯನ್ನೇ ಸುತ್ತಬೇಕು. ಮಂಜು ನನ್ನನ್ನು ನೋಡಿದ, ನಾನು ರೇಣುಕಾಳನ್ನು ನೋಡಿದೆ. ಕೊನೆಗೆ ಅಕ್ಕನೇ ಷರತ್ತು ಹಾಕಿದರು. ತಂತಿ ಎಲ್ಲಾದರೂ ಇಳಿಯಲಿ, ವಿಮಲಳ ಮಂಚ ನನ್ನ ರೂಮಿಗೆ ಬರಬೇಕು. ಮೋಡ ಕಂಡರೆ ನಾನು ಟೀವಿ ಕೇಬಲ್ಲು ಕೀಳುತ್ತೇನೆ. ಒಪ್ಪಿಗೆ ಇದ್ದರೆ ಹೂಂ ಅನ್ನು.

ಅಕ್ಕನ ಗೊರಕೆ ಅವರ ಹಳೆಯ ಗಂಟಲಿಗೆ ತಕ್ಕ ಹಾಗೇ ಇದೆ, ಅವರಿಗೆ ಕೇಳಿಸುವುದಿಲ್ಲ ಅಷ್ಟೇ. ನಾನು ದೀಪ ಹಾಕಿಕೊಂಡು ಓದುವುದು ಅವರಿಗೆ ಆಗುವುದಿಲ್ಲ. ಆದರೂ ಹೂಂ ಎಂದೆ. ಮಂಜುವೂ ರೇಣುಕಾಳೂ ಮಂಚ ಎತ್ತಿಕೊಂಡು ಹೋದರು. ಗೋಡೆಯ ಹಳೆಯ ತೂತುಗಳ ಮೇಲೇ ಹೊಸ ತಂತಿ ಹೊಳೆಯುತ್ತಾ ಇಳಿಯಿತು. ಇಷ್ಟಾದರೂ ಗುಡುಗುವಾಗ ಕೇಬಲ್ ಕಿತ್ತಿಡಿ ಮೇಡಂ, ಸಿಡಿಲಿಗೆ ಗ್ಯಾರಂಟಿ ಯಾರೂ ಕೊಡಕ್ಕಾಗಲ್ಲ ಎಂದು ಹೇಳಿ ಮಂಜು ಹೊರಟ.

ಮೊನ್ನೆ ಸಂಜೆ ಬಂತು ನಿಜವಾದ ಮಳೆ. ಮೊದಲು ಧೂಳು, ಆಮೇಲೆ ಮಣ್ಣಿನ ವಾಸನೆ, ಆಮೇಲೆ ಪಕ್ಕದ ಬೀದಿಯ ಶೀಟಿನ ಮೇಲೆ ಹನಿಗಳ ಸದ್ದು. ಸೀರಿಯಲ್ಲಿನಲ್ಲಿ ಯಾರೋ ಯಾರದೋ ಮುಖವಾಡ ಕಳಚುವ ಹೊತ್ತು. ಅಕ್ಕ ಮಾತಿಗೆ ತಪ್ಪಲಿಲ್ಲ. ಎದ್ದು ಪ್ಲಗ್ಗು ಕಿತ್ತರು, ಡಬ್ಬಿಯ ಹಿಂದಿನ ಕೇಬಲ್ಲು ತಿರುಗಿಸಿ ಬಿಚ್ಚಿದರು. ಆಮೇಲೆ ಅಡುಗೆಮನೆಗೆ ಹೋಗಿ ಒಂದು ಖಾಲಿ ಉಪ್ಪಿನಕಾಯಿ ಬಾಟಲು ತಂದು, ಕೇಬಲ್ಲಿನ ತುದಿಯನ್ನು ಅದರೊಳಗಿಳಿಸಿ ಕಿಟಕಿಯಲ್ಲಿಟ್ಟರು. ನಾವಿಬ್ಬರೂ ನಗಲಿಲ್ಲ.

ಸೋಫಾದಲ್ಲಿ ಕುಳಿತೆವು. ಹೆಡ್‌ಫೋನಿಲ್ಲದ ಅಕ್ಕನಿಗೆ ಮಳೆಯೂ ಇಲ್ಲ, ಗುಡುಗೂ ಇಲ್ಲ. ಸುಮ್ಮನೆ ಕಪ್ಪು ಟೀವಿಯನ್ನು ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ನನ್ನ ಕಾಲು ಚಪ್ಪಲಿ ಹುಡುಕತೊಡಗಿತು. ಏಳುವಷ್ಟರಲ್ಲಿ ಅಕ್ಕ ನನ್ನ ಮಣಿಕಟ್ಟು ಹಿಡಿದರು. ಅಂಗೈ ಬೆಚ್ಚಗಿತ್ತು, ಇನ್ನೂ ಒಂದಿಷ್ಟು ಕುಂಕುಮ ಅಂಟಿಕೊಂಡಿತ್ತು. ಕಿಟಕಿ ಬೆಳ್ಳಗಾಯಿತು. ಗುಡುಗು ಮನೆಯ ಮೇಲೇ ಉರುಳಿತು, ಅವರ ಹಿಡಿತದಲ್ಲಿದ್ದ ನನ್ನ ಕೈ ಬೆಚ್ಚಿತು.

"ಬಂತು" ಅಂದರು ಅಕ್ಕ, ಮೆಲ್ಲಗೆ.

ಇನ್ನೊಂದು ಮಿಂಚು. ಎದ್ದು ಕಿಟಕಿಗೆ ಹೋಗಬೇಕು ಎನಿಸಿತು. ಅವರು ಬಿಡಲಿಲ್ಲ.